ಮಾಳಿಗೆಯ ಹಲಗೆ ನೆಲವನ್ನು ನಾವೇ ಉಜ್ಜಿ ಹೊಸತು ಮಾಡುವುದು: ಮಾಡಿದವರ ಅನುಭವ

ಶಿರಸಿಯಿಂದ, ಪ್ರಶ್ನೆ

ನಮ್ಮ ಹಳೆಯ ಮನೆಯ ಮಾಳಿಗೆಗೆ ಸಾಗವಾನಿ ಹಲಗೆಯ ನೆಲವಿದೆ. ಓಡಾಡುವ ದಾರಿಯಲ್ಲಿ ವಾರ್ನಿಶ್ ಸವೆದು ಮರ ಬೂದುಬಣ್ಣಕ್ಕೆ ತಿರುಗಿದೆ. ಕಿಟಕಿಯ ಬುಡದಲ್ಲಿ ಮಳೆಯ ಎರಚಲು ಬಿದ್ದು ಮೊಳೆಗಳ ಸುತ್ತ ಕಪ್ಪು ಕಲೆಗಳಾಗಿವೆ. ಬಡಗಿಗಳು ಸಿಗದ ಕಾರಣ ನಾನೇ ಕೈಹಾಕಬೇಕೆಂದಿದ್ದೇನೆ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಸಿದ್ದಾಪುರದಿಂದ

ಖಂಡಿತ ಮಾಡಬಹುದು. ನಾನು ನಮ್ಮ ಮಾಳಿಗೆಯನ್ನು ಫೆಬ್ರವರಿಯಲ್ಲಿ, ಗಾಳಿ ಒಣಗಿದ್ದಾಗ ಮಾಡಿದೆ. ಉಜ್ಜುವ ಯಂತ್ರ ತರುವ ಮೊದಲು ನೆಲದ ಮೇಲೆ ಅಲ್ಲಲ್ಲಿ ನಾಲ್ಕು ಹನಿ ನೀರು ಹಾಕಿ ಕೆಲ ನಿಮಿಷ ನೋಡಿ. ಹನಿ ಮಣಿಯಂತೆ ನಿಂತರೆ ಹಳೆಯ ಲೇಪ ಇನ್ನೂ ಗಟ್ಟಿಯಾಗಿದೆ ಎಂದರ್ಥ. ನೀರು ಇಂಗಿ ಮರದ ಬಣ್ಣ ಗಾಢವಾದರೆ ಬರಿಮರದವರೆಗೆ ಉಜ್ಜಲೇಬೇಕು. ಮೆಟ್ಟಿಲು ಹತ್ತಿ ಬರುವ ಕಂಡಿಯ ಅಂಚಿನಲ್ಲಿ ಹಲಗೆಯ ದಪ್ಪವನ್ನೂ ನೋಡಿಕೊಳ್ಳಿ, ಏಕೆಂದರೆ ನಾವು ತೆಗೆಯಬೇಕಾದದ್ದು ಸವೆದ ಲೇಪವನ್ನೇ ಹೊರತು ಹಿರಿಯರು ಹಾಕಿಸಿದ ಮರವನ್ನಲ್ಲ.

ಎದ್ದು ನಿಂತ ಮೊಳೆಗಳನ್ನು ಪಂಚ್ (ಮೊಳೆಯ ತಲೆಯ ಮೇಲಿಟ್ಟು ಹೊಡೆಯುವ ಚಿಕ್ಕ ಕಬ್ಬಿಣದ ಕಡ್ಡಿ) ಇಟ್ಟು ಒಳಕ್ಕೆ ಹೊಡೆಯದಿದ್ದರೆ ಉಜ್ಜುವ ಮರಳುಕಾಗದ ಹರಿಯುತ್ತದೆ. ನಂತರ 40ರಿಂದ ಶುರುಮಾಡಿ 60, 80, 120 ನಂಬರಿನ ಕಾಗದಗಳನ್ನು (ನಂಬರು ಹೆಚ್ಚಿದಷ್ಟೂ ಕಾಗದ ನಯ) ಒಂದನ್ನೂ ಬಿಡದೆ, ಮರದ ಎಳೆಯ ದಿಕ್ಕಿನಲ್ಲೇ ಉಜ್ಜಬೇಕು. ನಡುವಿನ ನಂಬರನ್ನು ಹಾರಿಸಿದರೆ ಒರಟು ಕಾಗದದ ಗೀರುಗಳು ಹಾಗೆಯೇ ಉಳಿದು, ಲೇಪ ಬಿದ್ದ ಮೇಲೆ ಎದ್ದು ಕಾಣುತ್ತವೆ. ಬೆಲ್ಟ್ ಸ್ಯಾಂಡರನ್ನು (ಮರಳುಕಾಗದದ ಪಟ್ಟಿ ಸುತ್ತುವ ಉಜ್ಜುವ ಯಂತ್ರ) ನಾನು ಬಾಗಿಲ ಬಳಿ ಒಂದು ಕ್ಷಣ ನಿಂತಲ್ಲೇ ಓಡಿಸಿದೆ, ಅಲ್ಲಿ ಅಂಗೈಯಗಲದ ತಗ್ಗಾಯಿತು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಅದು ಈಗಲೂ ಕಾಣುತ್ತದೆ.

ಹಲಗೆಯ ಸಂದಿಯಿಂದ ದೂಳು ಕೆಳಗಿನ ಅಡುಗೆಮನೆಗೆ ಇಳಿಯುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಮಜ್ಜಿಗೆ ಪಾತ್ರೆಯ ಮೇಲೆ ಹಳದಿ ಪದರ ಕುಳಿತಾಗಲೇ ತಿಳಿಯಿತು. ಅಡಕೆ ಒಣಗಿಸುವ ತಾಡಪಾಲನ್ನು ಕೆಳಗೆ ಕಟ್ಟಿಕೊಳ್ಳಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಹಳೆಯ ಬಣ್ಣವಿದ್ದರೆ ಅದರಲ್ಲಿ ಸೀಸ ಇರಬಹುದಾದ್ದರಿಂದ ಒಣದಾಗಿ ಉಜ್ಜಬೇಡಿ.

ಸಾಗವಾನಿಯಲ್ಲಿ ಸಹಜವಾಗಿಯೇ ಎಣ್ಣೆ ಇರುವುದರಿಂದ ಲೇಪ ಸರಿಯಾಗಿ ಹಿಡಿಯದೆ ಅಂಟಂಟಾಗಿ ಉಳಿಯಬಹುದು. ದೂಳನ್ನು ಪೂರ್ತಿ ತೆಗೆದು, ಕಿಟಕಿಗಳನ್ನು ತೆರೆದಿಟ್ಟು, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದೊಡನೆ ಮೊದಲ ಲೇಪ ಕೊಡಿ. ಆ ಹೊತ್ತಿಗೆ ಕೆಳಗಿನ ಒಲೆ ಆರಿರಲಿ, ಬೆಂಕಿ ಹತ್ತಿರವೂ ಬರಬಾರದು. ನಾನು ಪಿಯು (ಪಾಲಿಯುರೆಥೇನ್ ವಾರ್ನಿಶ್) ಮೂರು ಸಲ ಹಚ್ಚಿದೆ; ಪ್ರತಿ ಲೇಪದ ನಡುವೆ 220 ನಂಬರಿನಿಂದ ಹಗುರವಾಗಿ ಉಜ್ಜಿದೆ.

ಕಾರವಾರದಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ನಮ್ಮ ಕರಾವಳಿಯ ತೇವವನ್ನು ಮಾತ್ರ ಸೇರಿಸುತ್ತೇನೆ. ನಾವು ಏಪ್ರಿಲ್‌ನಲ್ಲಿ ಹಲಗೆಗಳ ನಡುವಿನ ಸಂದಿಗಳಿಗೆಲ್ಲ ಗಟ್ಟಿ ಪುಟ್ಟಿ ತುಂಬಿದೆವು. ಜುಲೈ ಬರುವಷ್ಟರಲ್ಲಿ ಹಲಗೆಗಳು ಉಬ್ಬಿ, ಪುಟ್ಟಿ ಬಿರಿದು ಮೇಲೆದ್ದು ಕಾಲಿಗೆ ಚುಚ್ಚತೊಡಗಿತು, ಕೊನೆಗೆ ಅದನ್ನೆಲ್ಲ ಕೆದಕಿ ತೆಗೆಯಬೇಕಾಯಿತು. ಮರಕ್ಕೆ ಮಳೆಗಾಲದಲ್ಲಿ ಹಿಗ್ಗಲು ಜಾಗ ಬೇಕು, ಆದ್ದರಿಂದ ಸಂದಿಗಳನ್ನು ಹಾಗೆಯೇ ಬಿಟ್ಟು ಬರೀ ಮೊಳೆಯ ತೂತುಗಳನ್ನು ತುಂಬಿ. ಅಗಸೆ ಎಣ್ಣೆ ಹಚ್ಚುವ ಯೋಚನೆಯಿದ್ದರೆ ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಆರುವಾಗ ಅವು ತಾವಾಗಿಯೇ ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಅಂಗಳದಲ್ಲಿ ಒಂದೊಂದಾಗಿ ಬಿಡಿಸಿ ಹರವಿ. ದೋಣಿಗೆ ಬಳಿಯುವ ಗೇರು ಸಿಪ್ಪೆಯ ಎಣ್ಣೆಯನ್ನು ಕೆಲವರು ಸೂಚಿಸಿಯಾರು. ಅದು ಚರ್ಮ ಸುಡುತ್ತದೆ, ಮರವನ್ನೂ ಕಪ್ಪಾಗಿಸುತ್ತದೆ, ಬರಿಗಾಲಲ್ಲಿ ನಡೆಯುವ ನೆಲಕ್ಕೆ ಅದು ಬೇಡ.

ಹೊನ್ನಾವರದಿಂದ

ನಿಮ್ಮ ಕಪ್ಪು ಕಲೆಗಳು ಕಬ್ಬಿಣದ ಮೊಳೆಯೂ ಮರದ ಒಗರೂ ತೇವದಲ್ಲಿ ಸೇರಿ ಆದವು, ಉಜ್ಜಿ ತೆಗೆಯಲು ಹೋದರೆ ಹಲಗೆಯಲ್ಲಿ ಗುಳಿಯಾಗುತ್ತದೆ. ಆಕ್ಸಾಲಿಕ್ ಆಮ್ಲದ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಕೈಗವಸು ಹಾಕಿಕೊಂಡು, ಬರಿಮರದ ಮೇಲೆ ಬ್ರಷ್‌ನಿಂದ ಹಚ್ಚಿ. ನಮ್ಮಲ್ಲಿ ಎರಡನೆಯ ಸಲಕ್ಕೆ ಕಲೆ ಮಾಸಿತು. ಅದು ವಿಷವಾದ್ದರಿಂದ ಮಕ್ಕಳನ್ನು ದೂರವಿಟ್ಟು, ಒದ್ದೆ ಬಟ್ಟೆಯಿಂದ ಹಲವು ಸಲ ಒರೆಸಿ ತೆಗೆದು, ಮರ ಪೂರ್ತಿ ಒಣಗಿದ ಮೇಲೆಯೇ ಕೊನೆಯ ಉಜ್ಜಾಟಕ್ಕೆ ಹೋಗಿ. ಲೇಪ ಮುಗಿದ ಮೇಲೆ ಎರಡು ವಾರ ಚಾಪೆ, ಕಂಬಳಿ ಹಾಸಬೇಡಿ, ಮಂಚವನ್ನು ಎಳೆಯದೆ ಎತ್ತಿಯೇ ಇಡಿ.