ಅಪ್‌ಡೇಟ್: ಲಾಸ್ ವೇಗಸ್ ಚಿಪ್‌ಗಳ ಫೋಟೋ ಪಟ್ಟಿ

ಮುಚ್ಚಿಹೋದ ಲಾಸ್ ವೇಗಸ್ ಕ್ಯಾಸಿನೊಗಳ ಚಿಪ್‌ಗಳಿಗೆ (ಜೂಜಿನಲ್ಲಿ ಹಣದ ಬದಲು ಬಳಸುವ ಬಿಲ್ಲೆಗಳು) ಎಲ್ಲರೂ ಸೇರಿ ಒಂದು ಪಟ್ಟಿ ಮಾಡೋಣ, ಫೋಟೋ ಹೇಗೆ ತೆಗೆಯಬೇಕು ಅಂತ ಕೇಳಿದ್ದೆ ಅಲ್ವಾ? ನೀವು ಹೇಳಿದಂತೆ ಮೊಬೈಲ್ ಬಿಟ್ಟು ಸ್ಕ್ಯಾನರ್ ಬಳಸಿದೆ. ತುಂಬಾ ವ್ಯತ್ಯಾಸ! ಎರಡೂ ಮುಖಗಳು ಸ್ಪಷ್ಟವಾಗಿ ಬಂದವು. ಪೌಲ್ಸನ್ ಕಂಪನಿ ತಯಾರಿಸಿದ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಟೋಪಿ, ಕೋಲಿನ ಅಚ್ಚು ಕೂಡ ಎದ್ದು ಕಾಣುತ್ತದೆ. ಒಂದೇ ಬಣ್ಣ, ಒಂದೇ ಬೆಲೆಯ ಚಿಪ್‌ಗಳನ್ನು ಬೇರೆ ಮಾಡಲು ಇಂಥ ಗುರುತೇ ಬೇಕು. ಅಂಚಿನ ಬಣ್ಣದ ಪಟ್ಟೆಗೆ ಮಾತ್ರ ಚಿಪ್ ನಿಲ್ಲಿಸಿ ಬೇರೆ ಫೋಟೋ ತೆಗೆಯುತ್ತಿದ್ದೇನೆ.

ಸ್ಟಾರ್‌ಡಸ್ಟ್ ಕ್ಯಾಸಿನೊದ ಚಿಪ್‌ಗಳ ಕೆಲಸ ಮುಗಿಯಿತು. 2006ರಲ್ಲಿ ಮುಚ್ಚಿ, 2007ರಲ್ಲಿ ಕೆಡವಿದ ಜಾಗ ಅದು. ಅದರ ಚಿಪ್ ಕೈಯಲ್ಲಿ ಹಿಡಿದರೆ ಮನಸ್ಸು ತುಂಬುತ್ತದೆ. ಮುಂದಿನದು 1993ರಲ್ಲಿ ನೆಲಕ್ಕುರುಳಿದ ಡ್ಯೂನ್ಸ್. ಯಾರ ಹತ್ತಿರ ಇದ್ದರೂ ಎರಡೂ ಬದಿಯ ಚಿತ್ರ ಕಳಿಸಿ.