ರೊಬಸ್ಟಾ ಅಂದರೆ ನಮಗೆ ಕಾಫಿ; ಈ ನೀಲಗಿರಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಹವಾಯಿ ದ್ವೀಪಗಳಲ್ಲಿ ಕಾಡು ಬೆಳೆಸಿದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಮರದ ಹೆಸರು ಕೈ ಕಟ್ಟಿ ಹಾಕಿದೆ: ಯೂಕಲಿಪ್ಟಸ್ ರೊಬಸ್ಟಾ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮರ, 1880ರ ದಶಕದಲ್ಲಿ ಹವಾಯಿಗೆ ಬಂತು. ದನ ಮೇಯ್ದು ಬೋಳಾದ ಗುಡ್ಡಗಳಲ್ಲಿ ಮಣ್ಣು, ನೀರು ನಿಲ್ಲಲಿ ಅಂತ 1930ರ ದಶಕದಲ್ಲಿ ಜಾಸ್ತಿ ನೆಟ್ಟರು. ಮಡಗಾಸ್ಕರ್‌ನಲ್ಲಿ ಇದನ್ನೇ ಕಡಿದು, ಕೂಳೆ ಚಿಗುರಿಸಿ, ಮತ್ತೆ ಕಡಿದು ಇದ್ದಿಲು ಸುಡುತ್ತಾರೆ.

ಸುಮ್ನೆ ‘ರೊಬಸ್ಟಾ’ ಅಂದರೆ ಓದುವವರು ನೇರ ಕೊಡಗಿಗೆ ಹೋಗಿಬಿಡುತ್ತಾರೆ. ಇಂಗ್ಲಿಷಿನವರ ‘ಸ್ವಾಂಪ್ ಮಹಾಗನಿ’ ಇನ್ನೂ ಕಷ್ಟ. ಕಟ್ಟಿಗೆ ಕೆಂಪಗಿದೆ ಅಂತ ಮಹಾಗನಿ ಅಂದರು, ಅಷ್ಟೇ. ನಿಜವಾದ ಮಹಾಗನಿ ಬೇವಿನ ಕುಟುಂಬದ್ದು, ಇದು ನೇರಳೆ, ಪೇರಲ ಇರುವ ಕುಟುಂಬದ್ದು. ಈಗ ಬದುವಿಗೆ ಮಹಾಗನಿ ಸಸಿ ಹಾಕುವ ರೈತರಿದ್ದಾರೆ, ಅವರಿಗೆ ಈ ಹೆಸರು ಕೊಟ್ಟರೆ ಗೊಂದಲ ಆಗಲ್ವಾ?

ಹಾಗಾಗಿ ಮಹಾಗನಿ ಬಿಟ್ಟು ‘ಸ್ವಾಂಪ್’ ಮಾತ್ರ ಹಿಡಿದುಕೊಂಡೆ. ‘ಜೌಗು’ ಪುಸ್ತಕದ ಮಾತು ಅನ್ನಿಸುತ್ತದೆ. ದಾವಣಗೆರೆ ಸುತ್ತ ಭದ್ರಾ ನಾಲೆ ಕೆಳಗಿನ ಗದ್ದೆಯವರು ನೀರು ನಿಂತು ಕಾಲು ಹೂಳುವ ನೆಲಕ್ಕೆ ‘ಜವಳು’ ಅನ್ನುತ್ತಾರೆ. ಈ ಮರ ತನ್ನ ಊರಲ್ಲಿ ಬೆಳೆಯುವುದೂ ಅಂಥ ಕಡೆಯೇ. ‘ಜವಳು ನೀಲಗಿರಿ’ ಅನ್ನಲೇ? ಅವಸರದಲ್ಲಿ ಜವಳಿ ಅಂತ ಓದಿಕೊಂಡರೆ ಮಾತ್ರ ಬಟ್ಟೆ ಅಂಗಡಿ ಸೇರುತ್ತೇವೆ!

ಇನ್ನೊಂದು ತೊಡಕು ತೊಗಟೆಯದು. ನಮ್ಮ ಕಡೆ ನೆಟ್ಟಿರುವ ‘ಮೈಸೂರು ಗಮ್’ ನೀಲಗಿರಿಯ ಸಿಪ್ಪೆ ಉದ್ದುದ್ದ ಸುಲಿದು ಬೀಳುತ್ತದೆ, ಒಳಗೆ ಕಾಂಡ ಬೆಳ್ಳಗೆ, ನುಣ್ಣಗೆ. ರೊಬಸ್ಟಾ ಸಿಪ್ಪೆ ಬಿಡುವುದಿಲ್ಲ. ಕೆಂಗಂದು ತೊಗಟೆ ದಪ್ಪಗೆ ಅಂಟಿಕೊಂಡೇ ಇರುತ್ತದೆ, ಮೈತುಂಬ ಆಳವಾದ ಉದ್ದ ಸೀಳು, ಹೆಬ್ಬೆರಳಲ್ಲಿ ಒತ್ತಿದರೆ ಮೆತ್ತಗೆ ತಗ್ಗುತ್ತದೆ. ಇದಕ್ಕೆ ‘ಬೆಂಡು ತೊಗಟೆ’ ಅಂತ ಬರೆದಿದ್ದೇನೆ. ಆದರೆ ‘ಬೆಂಡು’ ಅಂದ ಕೂಡಲೇ ಮರವೇ ಹಗುರ, ಕೆಲಸಕ್ಕೆ ಬಾರದ್ದು ಅನ್ನಿಸಿಬಿಡುತ್ತದೆ. ಇದರ ಕಟ್ಟಿಗೆಯೋ ಗಟ್ಟಿ, ಭಾರ. ‘ರೊಬಸ್ಟಾ’ ಅನ್ನುವ ಲ್ಯಾಟಿನ್ ಮಾತಿಗೂ ಬಲವಾದದ್ದು ಅಂತಲೇ ಅರ್ಥ.

ಹೊಳಲ್ಕೆರೆ, ಹೊಸದುರ್ಗ ಕಡೆಯವರು, ಅದರಲ್ಲೂ ನೀಲಗಿರಿ ಕಡಿಸಿ ಲೋಡು ಮಾಡಿಸಿದವರು ಇದ್ದರೆ ಹೇಳಿ: ಸುಲಿಯದೆ ಮೆತ್ತಗೆ ಉಳಿಯುವ ತೊಗಟೆಗೆ ನಿಮ್ಮಲ್ಲಿ ಏನಂತಾರೆ? ‘ಜವಳು’ ಚಿತ್ರದುರ್ಗದ ಒಣ ಸೀಮೆಯಲ್ಲೂ ಬಳಕೆಯಲ್ಲಿದೆಯಾ?