ಹಾರುವ ತಟ್ಟೆ ಇಳಿಯಿತೆನ್ನುವ ಜಾಗಕ್ಕೆ ಹೆರಿಟೇಜ್ ಮಾನ್ಯತೆ: ವೆಸ್ಟಾಲ್ ಅರ್ಜಿ ಎಲ್ಲಿಂದ ಶುರು ಮಾಡಬೇಕು?

ಕ್ಲೇಟನ್_ಮಲ್ಲಿಗೆ:
ಮೆಲ್ಬರ್ನ್‌ನ ಕ್ಲೇಟನ್ ಸೌತ್‌ನಲ್ಲಿರುವ ಗ್ರೇಂಜ್ ರಿಸರ್ವ್ ವಿಚಾರ. 1966ರ ಏಪ್ರಿಲ್ 6ರ ಬೆಳಿಗ್ಗೆ ವೆಸ್ಟಾಲ್ ಹೈಸ್ಕೂಲಿನ ಮಕ್ಕಳು, ಶಿಕ್ಷಕರು ಆಕಾಶದಲ್ಲಿ ಕಂಡ ವಸ್ತು ಈ ಜಾಗದ ಮರಗಳ ಹಿಂದೆ ಇಳಿದು ಮತ್ತೆ ಮೇಲೆದ್ದಿತು ಎಂದು ನೋಡಿದವರು ಹೇಳುತ್ತಾರೆ. ಕಿಂಗ್‌ಸ್ಟನ್ ಕೌನ್ಸಿಲ್ (ಸ್ಥಳೀಯ ನಗರಾಡಳಿತ) ಅಲ್ಲಿ ತಟ್ಟೆಯಾಕಾರದ ಆಟದ ಸಲಕರಣೆ ಕಟ್ಟಿಸಿದೆ. ಆಟದ ಜಾಗ ಬೇರೆ, ಹೆರಿಟೇಜ್ ಮಾನ್ಯತೆ ಬೇರೆ ಅಲ್ಲವೇ? ಅರ್ಜಿ ಯಾರಿಗೆ ಕೊಡಬೇಕು? ಶಾಲೆಯ ಆವರಣವನ್ನೂ ಸೇರಿಸಬೇಕಾ? ಅಂದು ಬಂದದ್ದು ಏನು ಅಂತ ನಾವು ಸಾಬೀತು ಮಾಡಬೇಕಾಗುತ್ತದೆಯೇ?

ಹಳೇ_ನಕ್ಷೆ:
ಕೊನೆಯ ಪ್ರಶ್ನೆಯಿಂದ ಶುರು ಮಾಡ್ತೀನಿ, ಅರ್ಜಿಗಳು ಬೀಳುವುದೇ ಅಲ್ಲಿ. ಸಾಬೀತು ಮಾಡಬೇಕಿಲ್ಲ. ಮಾಡಲು ಹೋದರೆ ಪರಿಶೀಲಿಸುವವರ ಗಮನವೆಲ್ಲ ಆ ವಾದದ ಮೇಲೇ ನಿಂತುಬಿಡುತ್ತದೆ. ಇಂಥ ದಿನ ಇಷ್ಟು ಜನ ಏನನ್ನೋ ಕಂಡರು, ಅದು ದಾಖಲಾಯಿತು, ಈ ಜಾಗದ ಜೊತೆ ಅವರ ನಂಟು ಇಂದಿಗೂ ಉಳಿದಿದೆ. ನೀವು ತೋರಿಸಬೇಕಾದದ್ದು ಇಷ್ಟೇ.

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ದಾರಿ ಎರಡು. ಮೊದಲನೆಯದು ವಿಕ್ಟೋರಿಯನ್ ಹೆರಿಟೇಜ್ ರಿಜಿಸ್ಟರ್, ಅಂದರೆ ರಾಜ್ಯಮಟ್ಟದ ಪಾರಂಪರಿಕ ಜಾಗಗಳ ಪಟ್ಟಿ. 2017ರ ಹೆರಿಟೇಜ್ ಕಾಯ್ದೆಯಡಿ ಯಾರು ಬೇಕಾದರೂ ಒಂದು ಜಾಗವನ್ನು ಸೂಚಿಸಬಹುದು. ಹೆರಿಟೇಜ್ ವಿಕ್ಟೋರಿಯಾದ ಎಕ್ಸಿಕ್ಯುಟಿವ್ ಡೈರೆಕ್ಟರ್ ಪರಿಶೀಲಿಸಿ ಶಿಫಾರಸು ಪ್ರಕಟಿಸುತ್ತಾರೆ, 60 ದಿನ ಆಕ್ಷೇಪ ಅಥವಾ ಬೆಂಬಲ ಸಲ್ಲಿಸಲು ಅವಕಾಶ, ಕೊನೆಯ ಮಾತು ಹೆರಿಟೇಜ್ ಕೌನ್ಸಿಲ್‌ನದು. ಎ ಇಂದ ಎಚ್ ವರೆಗೆ ಎಂಟು ಮಾನದಂಡಗಳಿವೆ. ನಿಮಗೆ ಕೆಲಸಕ್ಕೆ ಬರುವುದು ಎ (ರಾಜ್ಯದ ಸಾಂಸ್ಕೃತಿಕ ಇತಿಹಾಸದಲ್ಲಿ ಪ್ರಾಮುಖ್ಯ) ಮತ್ತು ಜಿ (ಇಂದಿನ ಒಂದು ಸಮುದಾಯಕ್ಕೆ ಆ ಜಾಗದ ಜೊತೆಗಿರುವ ಗಾಢ ಸಂಬಂಧ). ಜಿ ಕೇಳಲು ಸುಲಭ, ದಾಟಲು ಕಷ್ಟ. ಸಮುದಾಯ ಯಾವುದು, ನಂಟು ಎಷ್ಟು ಆಳ, ಎಷ್ಟು ಕಾಲದ್ದು ಎಂದು ತೋರಿಸಿದರೂ ಸಾಲದು. ಆ ಕಥೆ ಇಡೀ ವಿಕ್ಟೋರಿಯಾದ ಜನರಿಗೂ ತಟ್ಟುತ್ತದೆ ಎಂದೂ ತೋರಿಸಬೇಕು. ಹಳೇ ವಿದ್ಯಾರ್ಥಿಗಳ ಸಹಿ ಮಾತ್ರ ಇಟ್ಟರೆ ಅದು ಸ್ಥಳೀಯ ಮಟ್ಟದ್ದು ಅಂತ ವಾಪಸ್ ಬರುತ್ತದೆ.

ಎರಡನೆಯದು ಕೌನ್ಸಿಲ್‌ನ ಪ್ಲಾನಿಂಗ್ ಸ್ಕೀಮಿನಲ್ಲಿರುವ (ಜಮೀನು ಬಳಕೆಯ ನಿಯಮಾವಳಿ) ಹೆರಿಟೇಜ್ ಓವರ್‌ಲೇ, ಅಂದರೆ ಪಾರಂಪರಿಕ ಜಾಗಗಳಿಗೆ ಹಾಕುವ ಹೆಚ್ಚುವರಿ ನಿಯಂತ್ರಣ. ಇದಕ್ಕೆ ಸ್ಥಳೀಯ ಪ್ರಾಮುಖ್ಯ ಸಾಕು. ಆದರೆ ಪ್ರತಿಯೊಂದು ಸೇರ್ಪಡೆಗೂ ಸ್ಕೀಮನ್ನೇ ತಿದ್ದಬೇಕು: ಮಂತ್ರಿಯ ಅನುಮತಿ, ಕನಿಷ್ಠ ಒಂದು ತಿಂಗಳು ಸಾರ್ವಜನಿಕ ಪ್ರದರ್ಶನ, ಆಕ್ಷೇಪ ಬಂದು ಇತ್ಯರ್ಥವಾಗದಿದ್ದರೆ ಪ್ಯಾನೆಲ್ ಮುಂದೆ ವಿಚಾರಣೆ, ಮತ್ತೆ ಮಂತ್ರಿಯ ಒಪ್ಪಿಗೆ. ವರ್ಷಗಟ್ಟಲೆ ಎಳೆಯಬಹುದು. ಜೊತೆಗೆ ಏನು, ಹೇಗೆ, ಏಕೆ ಎಂಬ ಮೂರು ಭಾಗಗಳ ಪ್ರಾಮುಖ್ಯದ ಹೇಳಿಕೆ ಬೇಕು. 'ಏನು' ಭಾಗದಲ್ಲಿ ತಟ್ಟೆಯ ವರ್ಣನೆ ಬರೆಯಬೇಡಿ. ಅಲ್ಲಿ ಬರಬೇಕಾದದ್ದು ಜಾಗ: ಗಡಿ, ಬಯಲು, 1966ರಿಂದ ಉಳಿದಿರುವ ಮರಗಳು.

ಶಾಲೆಯನ್ನು ಸೇರಿಸಬೇಡಿ. ಕಟ್ಟಡ ಬದಲಾಗುತ್ತಲೇ ಇರುತ್ತದೆ, ಶಿಕ್ಷಣ ಇಲಾಖೆ ಇನ್ನೊಬ್ಬ ಮಾಲೀಕನಾಗಿ ಕಣಕ್ಕಿಳಿಯುತ್ತದೆ. ಶಾಲೆಯಿಂದ ಗ್ರೇಂಜ್ ಕಡೆಗಿನ ನೋಟವನ್ನು ಹೇಳಿಕೆಯಲ್ಲಿ ಉಲ್ಲೇಖಿಸಿದರೆ ಸಾಕು.

ಕಡತದ_ಧೂಳು:
ಸಾಕ್ಷ್ಯದ ಬಗ್ಗೆ. ಟ್ರೋವ್‌ನಲ್ಲಿ (ಆಸ್ಟ್ರೇಲಿಯಾದ ಹಳೇ ಪತ್ರಿಕೆಗಳ ಆನ್‌ಲೈನ್ ಸಂಗ್ರಹ) ಹುಡುಕಿ ಸಿಗಲಿಲ್ಲ ಅಂತ ಕೈಚೆಲ್ಲಬೇಡಿ. ಅಲ್ಲಿ ಬಹುತೇಕ ಪತ್ರಿಕೆಗಳು 1954ಕ್ಕೇ ನಿಲ್ಲುತ್ತವೆ. ಸ್ಥಳೀಯ ಪತ್ರಿಕೆ ಡ್ಯಾಂಡೆನಾಂಗ್ ಜರ್ನಲ್‌ನ 1966ರ ಏಪ್ರಿಲ್ ಸಂಚಿಕೆಗಳಿಗೆ ಸ್ಟೇಟ್ ಲೈಬ್ರರಿಯ ಮೈಕ್ರೋಫಿಲ್ಮ್ ನೋಡಬೇಕು. ಪುಟ ಪೂರ್ತಿ ಸ್ಕ್ಯಾನ್ ಮಾಡಿ. ಬರೀ ಸುದ್ದಿಯ ತುಣುಕು ಕೊಟ್ಟರೆ ದಿನಾಂಕ, ಪುಟ ಸಂಖ್ಯೆ ಕೇಳಿಯೇ ಕೇಳುತ್ತಾರೆ. ವಾಯುಪಡೆಯ ಕಡತಗಳು ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಶಾಲಾ ದಾಖಲೆಗಳು ರಾಜ್ಯದ ದಾಖಲೆ ಸಂಗ್ರಹವಾದ ಪಬ್ಲಿಕ್ ರೆಕಾರ್ಡ್ ಆಫೀಸ್‌ನಲ್ಲಿ. ಕಡತ ಸಿಗದಿದ್ದರೆ ಯಾವ ಸರಣಿಯಲ್ಲಿ ಹುಡುಕಿದಿರಿ ಎಂದಷ್ಟೇ ಬರೆಯಿರಿ. 'ಮುಚ್ಚಿಟ್ಟಿದ್ದಾರೆ' ಎಂದು ಬರೆದರೆ ಉಳಿದ ದಾಖಲೆಗಳ ತೂಕವೂ ಇಳಿಯುತ್ತದೆ.

1960ರ ದಶಕದ ವೈಮಾನಿಕ ಛಾಯಾಚಿತ್ರ ತರಿಸಿ, ಅದರ ಮೇಲೆ ಇಂದಿನ ರಿಸರ್ವ್‌ನ ಗಡಿ ಎಳೆಯಿರಿ. ಅರ್ಜಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವ ಹಾಳೆ ಅದು. ಅಂದಿನ ಬಯಲು ಎಷ್ಟು ಉಳಿದಿದೆ, ಎಷ್ಟು ಮನೆಗಳ ಕೆಳಗೆ ಹೋಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಸಾಕ್ಷಿಗಳ ವಿಷಯದಲ್ಲಿ ತಡ ಮಾಡಬೇಡಿ, ಅಂದಿನ ವಿದ್ಯಾರ್ಥಿಗಳೇ ಈಗ 70ರ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೂರಿಸಿ. ಮೊದಲು ಖಾಲಿ ಹಾಳೆ ಕೊಟ್ಟು ಕಂಡದ್ದನ್ನು ಬರೆಸಿ. ಆಮೇಲೆ 1966ರ ನಕ್ಷೆಯ ಮೇಲೆ ನಿಂತ ಜಾಗ ಮತ್ತು ನೋಡಿದ ದಿಕ್ಕು ಗುರುತಿಸಲಿ. ಬೇರೆಯವರ ಚಿತ್ರ ತೋರಿಸುವುದು ಇದೆಲ್ಲ ಮುಗಿದ ಮೇಲೆ. "ಎಷ್ಟು ದೊಡ್ಡ ತಟ್ಟೆ?" ಅಂತ ಕೇಳಿದರೆ ತಟ್ಟೆ ಎಂಬ ಮಾತನ್ನು ನೀವೇ ಬಾಯಿಗೆ ಹಾಕಿದಂತೆ. "ಏನು ಕಂಡಿತು?" ಅನ್ನಿ. ಪುನರ್ಮಿಲನಗಳಿಗೆ ಹೋಗಿದ್ದಾರಾ, ಟಿವಿ ಕಾರ್ಯಕ್ರಮ ನೋಡಿದ್ದಾರಾ ಎಂಬುದನ್ನೂ ದಾಖಲಿಸಿ. ಅದರಿಂದ ನೆನಪಿನ ಬೆಲೆ ಕಡಿಮೆಯಾಗಬಹುದು, ಆದರೆ ಜಿ ಮಾನದಂಡಕ್ಕೆ ಅದೇ ಆಧಾರ: ಇಷ್ಟು ವರ್ಷವಾದರೂ ಜನ ಸೇರುತ್ತಿದ್ದಾರೆ ಎಂದಾಯಿತು. ಧ್ವನಿಮುದ್ರಣ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಆಗಿರಲಿ. ಒಪ್ಪಿಗೆ ಪತ್ರದಲ್ಲಿ 'ಅರ್ಜಿಗೆ ಬಳಸಬಹುದು' ಮತ್ತು 'ಹೆಸರು ಪ್ರಕಟಿಸಬಹುದು' ಎರಡಕ್ಕೂ ಬೇರೆಬೇರೆ ಸಹಿ ಬೇಕು.

ಕ್ಲೇಟನ್_ಮಲ್ಲಿಗೆ:
ಇಬ್ಬರಿಗೂ ಧನ್ಯವಾದ. ಅಂದು ಕಂಡದ್ದು ಬಲೂನ್ ಎಂಬ ವಾದವನ್ನು ಅರ್ಜಿಯಲ್ಲಿ ತರಬೇಕಾ? ನಮ್ಮವರಲ್ಲಿ ಕೆಲವರು ಅದನ್ನು ಬಿಟ್ಟುಬಿಡೋಣ ಅಂತಾರೆ.

ಹಳೇ_ನಕ್ಷೆ:
ತನ್ನಿ, ನೀವೇ ಮೊದಲು ಹೇಳಿ. ವಿಕಿರಣ ಅಳೆಯಲು ಮಿಲ್ಡುರಾದಿಂದ ಹಾರಿಸುತ್ತಿದ್ದ ಹೈಬಾಲ್ ಬಲೂನುಗಳಲ್ಲಿ ಒಂದು ದಾರಿ ತಪ್ಪಿ ಬಂದಿರಬಹುದು ಎಂಬ ವಾದ ಗಂಭೀರವಾದದ್ದೇ. ಅದು ಗೆದ್ದರೂ ಅರ್ಜಿ ಸೋಲುವುದಿಲ್ಲ. ಶೀತಲ ಸಮರದ ಕಾಲದ ಪರಮಾಣು ಪರೀಕ್ಷೆಗಳ ಎಳೆಯೊಂದು ಸೇರಿಕೊಳ್ಳುತ್ತದೆ. ಒಂದು ಪ್ಯಾರಾ ಸಾಕು, ತೀರ್ಪು ಬೇಡ.

ಮೂರನೇ_ಕಂಬ:
ನನ್ನದು ಸ್ವಲ್ಪ ಭಿನ್ನ ಅಭಿಪ್ರಾಯ. ಓವರ್‌ಲೇ ನಿಯಂತ್ರಿಸುವುದು ಕಟ್ಟುವುದು, ಕೆಡವುವುದು, ನಿವೇಶನ ಒಡೆಯುವುದು ಇಂಥವನ್ನು. ಈಗಾಗಲೇ ಕೌನ್ಸಿಲ್ ಕೈಲಿರುವ ರಿಸರ್ವ್‌ಗೆ ಅದರಿಂದ ಹೆಚ್ಚುವರಿ ಲಾಭ ಕಡಿಮೆ. ಮೊದಲು ಫಲಕ ಹಾಕಿಸಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ 1961ರ ಬೆಟ್ಟಿ ಮತ್ತು ಬಾರ್ನಿ ಹಿಲ್ ಪ್ರಕರಣಕ್ಕೆ (ಹಾರುವ ತಟ್ಟೆಯವರು ತಮ್ಮನ್ನು ಹೊತ್ತೊಯ್ದರು ಎಂದ ದಂಪತಿ) 2011ರಲ್ಲಿ ರಾಜ್ಯದ ಅಧಿಕೃತ ಇತಿಹಾಸ ಫಲಕವನ್ನೇ ನಿಲ್ಲಿಸಿತು.

ಎಡವಿದ ಉದಾಹರಣೆಯೂ ಅಲ್ಲೇ ಇದೆ. ಮ್ಯಾಸಚೂಸೆಟ್ಸ್‌ನ ಶೆಫೀಲ್ಡ್‌ನಲ್ಲಿ ಇಂಥದ್ದೇ ಘಟನೆಗೆ 2015ರಲ್ಲಿ ನಿಲ್ಲಿಸಿದ ಸ್ಮಾರಕ ಊರಾಡಳಿತದ ಜಾಗದಲ್ಲಿದೆ ಎಂಬ ತಕರಾರೆದ್ದು 2019ರಲ್ಲಿ ಅದನ್ನು ಕಿತ್ತರು. ಹಾಗಾಗಿ ಕಲ್ಲು ಕೆತ್ತಿಸುವ ಮುಂಚೆ ಲ್ಯಾಂಡಾಟಾದಿಂದ (ವಿಕ್ಟೋರಿಯಾದ ಜಮೀನು ದಾಖಲೆಗಳ ಆನ್‌ಲೈನ್ ಸೇವೆ) ಟೈಟಲ್ ಪ್ಲಾನ್ ತೆಗೆಸಿ, ಕೌನ್ಸಿಲ್‌ನ ಒಪ್ಪಿಗೆ ಲಿಖಿತದಲ್ಲಿ ಪಡೆಯಿರಿ. ನಿರ್ವಹಣೆ ಯಾರದು, ಹಾಳಾದರೆ ಬದಲಿಸುವವರು ಯಾರು ಎಂಬುದೂ ಅದರಲ್ಲಿರಲಿ. ಫಲಕದ ಬರಹದಲ್ಲಿ 'ಇಳಿಯಿತು' ಬೇಡ, 'ಇಳಿದದ್ದನ್ನು ಕಂಡೆವೆಂದು ಹೇಳಿದರು' ಅಂತಿರಲಿ. ಸಾಕ್ಷಿಗಳ ಸಂಖ್ಯೆ ಬೇಡವೇ ಬೇಡ, 200 ಅಂತ ಹಾಕಿದ ಮರುದಿನವೇ ಪಟ್ಟಿ ಕೇಳುವವರು ಬರುತ್ತಾರೆ.

ಹಳೇ_ನಕ್ಷೆ:
ಫಲಕ ಮೊದಲು ಅನ್ನುವುದಕ್ಕೆ ನನ್ನ ತಕರಾರಿಲ್ಲ, ಮರಗಳ ವಿಷಯ ಬಿಟ್ಟು. ಓವರ್‌ಲೇಯ ಷೆಡ್ಯೂಲಿನಲ್ಲಿ ಮರಗಳ ನಿಯಂತ್ರಣಕ್ಕೆ ಪ್ರತ್ಯೇಕ ಕಾಲಂ ಇದೆ, ಫಲಕದಿಂದ ಅದು ಸಿಗಲ್ಲ. ಫಲಕದ ಕೆಲಸ ನಡೆಯುತ್ತಿರುವಾಗಲೇ ಒಬ್ಬ ಮರತಜ್ಞರಿಂದ 1966ಕ್ಕಿಂತ ಹಳೆಯ ಮರಗಳ ಪಟ್ಟಿ ಮಾಡಿಸಿ: ಜಾತಿ, ಎದೆಮಟ್ಟದ ಕಾಂಡದ ವ್ಯಾಸ, ಅಂದಾಜು ವಯಸ್ಸು, ಜಿಪಿಎಸ್ ಬಿಂದು. ಒಂದೂ ಉಳಿದಿಲ್ಲ ಅಂತಾದರೆ ಓವರ್‌ಲೇ ಆಸೆ ಬಿಟ್ಟು ಫಲಕದಲ್ಲೇ ನಿಲ್ಲಿಸಿ.